ಸೋರುವ ಕಾರ್ಬುರೇಟರೂ ಸೀಮೆಯ ಮಿಸ್ತ್ರಿಯೂ

ಕುಮುದ್ವತೀ ನದಿಯ ದಡದ ರಟ್ಟೀಹಳ್ಳಿಗೆ ಇತಿಹಾಸಪ್ರಿಯರು ಬರುವುದು ಬಹುಮಟ್ಟಿಗೆ ಕದಂಬೇಶ್ವರ ದೇವಾಲಯದ ದರ್ಶನಕ್ಕಾಗಿ; ಅಲ್ಲಿನ ಶಿಲ್ಪವನ್ನು ನೋಡಿ, 1764ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಹೈದರಾಲಿಯನ್ನು ಸೋಲಿಸಿದುದು ಈ ಊರಿನ ಸಮೀಪದಲ್ಲಿಯೇ ಎಂಬುದನ್ನು ನೆನೆದು, ಅವರು ಹಿಂದಿರುಗುತ್ತಾರೆ. ಕಲ್ಲಿನಲ್ಲಿ ಕೊರೆಯಲ್ಪಟ್ಟ ಇತಿಹಾಸಕ್ಕೆ ಓದುಗರು ದೊರೆಯುತ್ತಾರೆ. ಆದರೆ ಅದೇ ಊರಿನ ಹಾದಿಗಳಲ್ಲಿ ಇಪ್ಪತ್ತನೆಯ ಶತಮಾನದ ಮೋಟಾರು ಗಾಡಿಗಳು ಓಡಿದುದು ಹೇಗೆ, ಕೆಟ್ಟು ನಿಂತಾಗ ಅವುಗಳಿಗೆ ಮರಳಿ ಜೀವ ಬಂದುದು ಯಾರ ಕೈಯಿಂದ ಎಂಬ ಇತಿಹಾಸವನ್ನು ಯಾವ ಶಾಸನವೂ ಹೇಳುವುದಿಲ್ಲ. ಹೇಳಬೇಕಾದವರ ಕೈಗಳಲ್ಲಿ ಲೇಖನಿಯಿರಲಿಲ್ಲ, ಪಾನವೆಂಬ ಸ್ಪ್ಯಾನರಿತ್ತು.

ಊರಿನ ನೆಲೆಯೇ ಆ ಕಸುಬಿಗೆ ಕಾರಣವಾಯಿತೆಂದು ನನ್ನ ಭಾವನೆ. 1956ರ ನವೆಂಬರ್ 1ರ ವರೆಗೆ ಈ ಊರಿದ್ದ ಹಿರೇಕೆರೂರು ತಾಲ್ಲೂಕು ಧಾರವಾಡ ಜಿಲ್ಲೆಯೊಡನೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ದಕ್ಷಿಣಕ್ಕೆ ಮಾಸೂರನ್ನು ದಾಟಿದರೆ ಶಿಕಾರಿಪುರ, ಅದು ಮೈಸೂರು ಸಂಸ್ಥಾನ. ರೈಲು ಈ ಊರಿಗೆ ಬರಲೇ ಇಲ್ಲ. ಹುಬ್ಬಳ್ಳಿಯಿಂದ ಹರಿಹರಕ್ಕೆ ಸಾಗುವ ಹಳಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಟ್ಟಿ, ಈ ಸೀಮೆಯನ್ನು ಪಶ್ಚಿಮದಲ್ಲಿಯೇ ಬಿಟ್ಟು ಹೋಯಿತು. ಆದುದರಿಂದ ಹತ್ತಿ, ಮೆಣಸಿನಕಾಯಿ, ರೋಗಿ, ದಿಬ್ಬಣ ಎಲ್ಲಕ್ಕೂ ಚಕ್ಕಡಿ, ಇಲ್ಲವೇ ಮೋಟಾರು; ಆ ಮೋಟಾರು ನಡುದಾರಿಯಲ್ಲಿ ನಿಂತರೆ ಕಂಪನಿಯ ತಜ್ಞನೂ ಅವನ ಬಿಡಿಭಾಗಗಳೂ ಇದ್ದುದು ದೂರದ ನಗರಗಳಲ್ಲಿ. ದೊರೆಯುವ ಮಿಸ್ತ್ರಿಯನ್ನೇ ನೆಚ್ಚಿಕೊಳ್ಳುವುದು ಇಂಥ ಸೀಮೆಗೆ ಅನಿವಾರ್ಯವಾಗಿತ್ತು.

ಪೆಟ್ರೋಲು ಗಾಡಿ ನಿಲ್ಲುವ ಕಾರಣಗಳಲ್ಲಿ ಸಾಮಾನ್ಯವೂ ಅಪಾಯಕರವೂ ಆದುದೊಂದು ಕಾರ್ಬುರೇಟರಿನ ಸೋರಿಕೆ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಈ ಯಂತ್ರಾಂಗದ ಚರಿತ್ರೆ ಮೋಟಾರಿನಷ್ಟೇ ಹಳೆಯದು. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಗಾಡಿಯಲ್ಲಿ ಇಂಧನದ ಮೇಲ್ಮೈಯಿಂದ ಏಳುವ ಆವಿಯನ್ನೇ ಗಾಳಿಯೊಡನೆ ಸೇರಿಸಿಕೊಳ್ಳುತ್ತಿದ್ದರು. 1888ರಲ್ಲಿ ಅವನ ಪತ್ನಿ ಬೆರ್ಥಾ, ಗಂಡನಿಗೆ ತಿಳಿಸದೆಯೇ ಮಕ್ಕಳಿಬ್ಬರೊಡನೆ ಅಂಥದೇ ಗಾಡಿಯನ್ನೇರಿ ದೂರ ಪ್ರಯಾಣಕ್ಕೆ ಹೊರಟಾಗ, ದಾರಿಯಲ್ಲಿ ಕಟ್ಟಿಕೊಂಡ ಇಂಧನದ ಕೊಳವೆಯನ್ನು ತನ್ನ ಟೋಪಿಯ ಸೂಜಿಯಿಂದಲೇ ಬಿಡಿಸಿದಳು. ಕೈಗೆ ಸಿಕ್ಕಿದ ವಸ್ತುವಿನಿಂದ ಕೆಲಸ ಸಾಧಿಸುವ ರಸ್ತೆಬದಿಯ ರಿಪೇರಿಯ ಪರಂಪರೆಗೆ ಆಕೆಯನ್ನೇ ಆದಿಪ್ರವರ್ತಕಿಯೆಂದು ಎಣಿಸಬಹುದು. 1893ರ ಸುಮಾರಿಗೆ ವಿಲ್‌ಹೆಲ್ಮ್ ಮೇಬಾಖ್ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಸಿಂಪಡಿಸುವ, ತೇಲುಗುಂಡಿನಿಂದ ಅದರ ಮಟ್ಟವನ್ನು ಕಾಯುವ ವಿಧಾನವನ್ನು ರೂಪಿಸಿದನು. ಮುಂದೆ ನೂರು ವರ್ಷಗಳ ಕಾರ್ಬುರೇಟರುಗಳಲ್ಲಿ ಬಹುಪಾಲು ಆ ಬೀಜದ ಸಂತಾನವೇ.

ತತ್ತ್ವ ಸರಳವಾದುದು. ಪಂಪು ತಂದುಕೊಟ್ಟ ಪೆಟ್ರೋಲು ಒಂದು ಪುಟ್ಟ ಕೋಣೆಯಲ್ಲಿ ತುಂಬುತ್ತಿದ್ದಂತೆ ಅದರಲ್ಲಿನ ತೇಲುಗುಂಡು, ಅಂದರೆ ಫ್ಲೋಟು, ಮೇಲೇರುತ್ತದೆ. ಏರಿದ ಫ್ಲೋಟು ಸೂಜಿಯಾಕಾರದ ನೀಡಲನ್ನು ಮೇಲಕ್ಕೊತ್ತಿ ಬಾಗಿಲನ್ನು ಮುಚ್ಚುತ್ತದೆ. ದ್ರವದ ಮಟ್ಟ, ಪೆಟ್ರೋಲು ಚಿಮ್ಮುವ ಜೆಟ್ಟಿನ ಬಾಯಿಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ. ಆ ಕೂದಲೆಳೆಯ ಅಂತರವೇ ಸರ್ವಸ್ವ. ಅದು ತಪ್ಪಿತೆಂದರೆ ಪೆಟ್ರೋಲು ಉಕ್ಕಿ ಹೊರಗೆ ಸುರಿಯುತ್ತದೆ; ಮಿಸ್ತ್ರಿಗಳು ಇದಕ್ಕೆ ‘ಓವರ್‌ಫ್ಲೋ’ ಎನ್ನುತ್ತಾರೆ. ಅಂಬಾಸಡರಿನ ಇಂಜಿನಿನಲ್ಲಿ ಕಾರ್ಬುರೇಟರಿರುವ ಪಕ್ಕದಲ್ಲಿಯೇ, ಅದರ ಕೆಳಗೆಯೇ, ಹೊಗೆಯನ್ನು ಹೊರಕ್ಕೆ ಸಾಗಿಸುವ ಕಾದ ಕಬ್ಬಿಣದ ಕೊಳವೆಯೂ ಇರುವುದರಿಂದ, ಅಲ್ಲಿ ತೊಟ್ಟಿಕ್ಕುವ ಒಂದೊಂದು ಹನಿಯೂ ಅಗ್ನಿಗೆ ಆಹ್ವಾನ.

ಆ ಅಂಬಾಸಡರು ಬಂದುದಾದರೂ ಹೇಗೆ? 1928ರಿಂದ ಮುಂಬಯಿಯಲ್ಲಿ ಜನರಲ್ ಮೋಟರ್ಸ್ ಕಂಪನಿ ಗಾಡಿಗಳನ್ನು ಜೋಡಿಸುತ್ತಿತ್ತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಅಮೆರಿಕ, ಯೂರೋಪುಗಳ ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಮೋಟಾರು ಈ ದೇಶದಲ್ಲಿಯೇ ತಯಾರಾಗಬೇಕೆಂದು ಯೋಜನೆ ರಚಿಸಿ ಹೋರಾಡಿದರೂ ಆಳರಸರು ಅದಕ್ಕೆ ಒಲಿಯಲಿಲ್ಲ. ಕಡೆಗೆ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್ 1942ರಲ್ಲಿ, ವಾಲಚಂದ ಹಿರಾಚಂದರ ಪ್ರೀಮಿಯರ್ 1944ರಲ್ಲಿ ಹುಟ್ಟಿದುವು. ಸ್ವಾತಂತ್ರ್ಯಾನಂತರ ಸರಕಾರ ಇಲ್ಲಿಯೇ ಉತ್ಪಾದಿಸುವವರಿಗೆ ಮಾತ್ರ ಅವಕಾಶವೆಂದು ನಿಶ್ಚಯಿಸಿದುದರಿಂದ ವಿದೇಶೀ ಜೋಡಣೆಗಾರರು ಹೊರಟುಹೋದರು. ಅವರೊಡನೆ ಅವರ ಗಾಡಿಗಳ ಬಿಡಿಭಾಗಗಳ ಹರಿವೂ ನಿಂತಿತು, ಗಾಡಿಗಳು ಮಾತ್ರ ಉಳಿದುವು. 1957ರಿಂದ ಅಂಬಾಸಡರು, ಅದರ ಜೊತೆಜೊತೆಗೆ ಫಿಯಟ್, ಆ ಬಳಿಕ ಅದೇ ಫಿಯಟ್ಟಿನ ಹೆಸರು ಬದಲಾದ ಪ್ರೀಮಿಯರ್ ಪದ್ಮಿನಿ: ಹತ್ತಾರು ವರ್ಷ ನಮ್ಮ ರಸ್ತೆಗಳಲ್ಲಿ ಕಂಡುವು ಬಹುಪಾಲು ಇವೇ. ಆಮದಿಗೆ ಕಟ್ಟುಪಾಡು, ಹೊಸ ಗಾಡಿಗೆ ವರ್ಷಗಟ್ಟಲೆ ಕಾಯುವಿಕೆ. ಇದ್ದುದನ್ನೇ ಬಾಳಿಸಬೇಕಾದ ಆ ಕಾಲ, ತಿಳಿದೋ ತಿಳಿಯದೆಯೋ, ದುರಸ್ತಿಯನ್ನು ಒಂದು ಕಲೆಯ ಪದವಿಗೆ ಏರಿಸಿತು.

ಆ ಕಲೆಯ ಸೂಕ್ಷ್ಮವನ್ನು ಫ್ಲೋಟಿನ ಬೆಸುಗೆಯಲ್ಲಿ ಕಾಣಬೇಕು. ಹಳೆಯ ಫ್ಲೋಟುಗಳು ತೆಳ್ಳನೆಯ ಹಿತ್ತಾಳೆಯ ಟೊಳ್ಳು ಗುಂಡುಗಳು; ಎಲ್ಲಿಯಾದರೂ ಸೂಜಿಮೊನೆಯಷ್ಟು ಸೀಳು ಬಿಟ್ಟರೆ ಪೆಟ್ರೋಲು ಒಳಹೊಕ್ಕು, ಗುಂಡು ಭಾರವಾಗಿ ಮುಳುಗಿ, ಬಾಗಿಲು ತೆರೆದೇ ಉಳಿಯುತ್ತದೆ. ಮಿಸ್ತ್ರಿ ಮೊದಲು ಅದನ್ನು ಕಿವಿಯ ಬಳಿ ಅಲುಗಾಡಿಸುತ್ತಾನೆ. ಒಳಗೆ ದ್ರವ ತುಳುಕಿದರೆ ರೋಗ ಸಿಕ್ಕಿದಂತೆಯೇ. ಬಳಿಕ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯುತ್ತಾನೆ: ಒಳಗಿನ ಪೆಟ್ರೋಲು ಆವಿಯಾಗಿ, ಕಣ್ಣಿಗೆ ಕಾಣದ ರಂಧ್ರದಿಂದ ಗುಳ್ಳೆಗಳ ಸಾಲಾಗಿ ಹೊರಬಂದು ತನ್ನ ದಾರಿಯನ್ನು ತಾನೇ ತೋರಿಸಿಕೊಡುತ್ತದೆ, ಗುಳ್ಳೆಗಳು ಸಂಪೂರ್ಣವಾಗಿ ನಿಲ್ಲುವವರೆಗೂ ಕಾಯಬೇಕು, ಏಕೆಂದರೆ ಒಳಗೆ ಆವಿ ಉಳಿದಿರುವಾಗ ಬೆಸುಗೆಗೆ ಕೈಹಾಕುವುದು ಪ್ರಾಣಾಪಾಯ. ಅನಂತರ ಉರಿಯನ್ನು ತಾಗಿಸದೆ, ಕಾಯಿಸಿದ ತಾಮ್ರದ ಕಡ್ಡಿಯಿಂದ, ಅಕ್ಕಿಕಾಳಿನಷ್ಟೂ ಅಲ್ಲದ ಸೀಸ-ತವರವನ್ನು ಸವರಬೇಕು. ಬೆಸುಗೆ ಹೆಚ್ಚಾದರೆ ರಂಧ್ರವೇನೋ ಮುಚ್ಚೀತು, ಆದರೆ ತೂಕವೇರಿ ಪೆಟ್ರೋಲಿನ ಮಟ್ಟ ಮೇಲಾಗಿ, ಸೋರಿಕೆ ಇನ್ನೊಂದು ಬಾಗಿಲಿನಿಂದ ಮರಳುತ್ತದೆ. ಕಲಾಯಿಗಾರರೂ ಡಬ್ಬ ಬೆಸೆಯುವವರೂ ಅಕ್ಕಸಾಲಿಗರೂ ತಲೆತಲಾಂತರದಿಂದ ಬಲ್ಲ ಹಸ್ತಸಂಯಮವೇ ಇದು. ಮೋಟಾರು ಹೊಸದಾದರೂ, ಈ ಕೈಗುಣ ನಮ್ಮ ಪೇಟೆಬೀದಿಗಳಿಗೆ ಹೊಸದಲ್ಲ.

ಇಂಗ್ಲೆಂಡಿನ ಕಥೆಯೂ ಇದಕ್ಕೆ ದೂರವಾದುದಲ್ಲ. ಅನೇಕ ಅಂಬಾಸಡರುಗಳಲ್ಲಿದ್ದ ಎಸ್.ಯು. ಕಾರ್ಬುರೇಟರಿನ ಜನಕರಾದ ಸ್ಕಿನ್ನರ್ ಸೋದರರು ಪಾದರಕ್ಷೆಯ ವ್ಯಾಪಾರದ ಮನೆತನದವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ರಚಿಸಿದ ಮೊದಲ ಮಾದರಿಗಳ ತಿದಿ ಚರ್ಮದ್ದಾಗಿತ್ತು. ಚರ್ಮದ ಗುಣವನ್ನು ಬಲ್ಲವರಿಂದಲೇ ಅದು ಸಾಧ್ಯವಾಯಿತೆಂದು ನಾನು ನಂಬುತ್ತೇನೆ. ಅದರ ಹಳೆಯ ಮಾದರಿಯಲ್ಲಿ ಜೆಟ್ಟಿನ ಸುತ್ತಲಿನ ಬಿರಡೆಯ ಬಿಲ್ಲೆಗಳು ಒಣಗಿ ಸೋರುತ್ತಿದ್ದುವು. ಹೊಸ ಬಿಲ್ಲೆಗಳನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಬೇಕಾಗಿತ್ತು. ಪದ್ಮಿನಿಯ ಸೋಲೆಕ್ಸಿನಲ್ಲಿ ಸಾಮಾನ್ಯವಾಗಿ ಹರಿಯುವುದು ಪಂಪಿನ ಡಯಾಫ್ರಾಂ. ಇನ್ನು ನೀಡಲು ಸವೆದು ಅದರ ಮೂತಿಯಲ್ಲಿ ವರ್ತುಲ ಬಿದ್ದಿದ್ದರೆ ಬದಲಿಸುವುದೇ ಸರಿ. ಬದಲಿ ಸಿಗದಾಗ ಅದನ್ನು ಪೀಠದ ಮೇಲೆ ನಿಲ್ಲಿಸಿ ಮೃದುವಾಗಿ ತಟ್ಟಿ ಮೈಗೆ ಮೈ ಕೂಡಿಸುವುದು ತಾತ್ಕಾಲಿಕ ಉಪಾಯ. ಬಿಗಿದು ಬಿಗಿದು ಬಾಗಿಹೋದ ಮುಚ್ಚಳವನ್ನು ಗಾಜಿನ ಹಲಗೆಯ ಮೇಲೆ ಹಾಸಿದ ಪಾಲಿಷ್ ಕಾಗದಕ್ಕೆ ಉಜ್ಜಿ ಸಮಮಾಡುತ್ತಿದ್ದರು. ರಸ್ತೆಯಲ್ಲಿ ಟಾಕಿಯೇ ಸೋರಿದರೆ ಬಟ್ಟೆಯೊಗೆಯುವ ಸಾಬೂನನ್ನು ಒತ್ತಿ ಉಜ್ಜಿಬಿಡುವುದು. ಪೆಟ್ರೋಲಿಗೆ ಸಾಬೂನು ಕರಗುವುದಿಲ್ಲ, ಊರು ಮುಟ್ಟುವಷ್ಟು ಕಾಲ ನಿಲ್ಲುತ್ತದೆ.

ಪ್ಯಾಕಿಂಗುಗಳ ಅಂಚಿಗೆ ಮಿಸ್ತ್ರಿಗಳು ಸವರುತ್ತಿದ್ದುದು ಅರಗನ್ನು: ಸ್ಪಿರಿಟ್ಟಿನಲ್ಲಿ ಕರಗಿಸಿ ಬಡಗಿಗಳು ಮರಕ್ಕೆ ಮೆರುಗು ಕೊಡುತ್ತಿದ್ದ ಅದೇ ಅರಗು. ಅಮೆರಿಕದ ಕೆಲವು ಹಳೆಯ ಗಾಡಿಗಳಲ್ಲಿ ಬಿರಡೆಯ ಫ್ಲೋಟಿಗೂ ಅದರದೇ ಲೇಪ. ಪೆಟ್ರೋಲು ಅದನ್ನು ಮುಟ್ಟಲಾರದೆಂಬ ಒಂದೇ ಗುಣದ ಮೇಲೆ ಆ ಉಪಾಯವೆಲ್ಲ ನಿಂತಿತ್ತು.

1983ರಲ್ಲಿ ಬಂದ ಮಾರುತಿಯೂ ಮೊದಲು ಕಾರ್ಬುರೇಟರಿನ ಗಾಡಿಯೇ. 2000ದ ಸುಮಾರಿನ ಹೊಗೆಯ ಕಟ್ಟುಪಾಡುಗಳು ಬಂದ ಮೇಲೆ ಕಾರುಗಳಿಂದ ಕಾರ್ಬುರೇಟರು ನಿರ್ಗಮಿಸಿತು, 2014ರಲ್ಲಿ ಅಂಬಾಸಡರಿನ ತಯಾರಿಕೆಯೂ ನಿಂತಿತು. ಉಳಿದ ಹಳೆಯ ಗಾಡಿಗಳನ್ನು ಪ್ರೀತಿಯಿಂದ ಸಾಕುವವರ ಎದುರು ಈಗ ಬೇರೊಂದು ಪ್ರಶ್ನೆಯಿದೆ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇಕಡ 5ರಿಂದ ಆರಂಭವಾದ ಎಥನಾಲ್ ಮಿಶ್ರಣ ಇಂದು ಶೇಕಡ 20ಕ್ಕೆ ಏರಿದೆ. ಆ ಪೆಟ್ರೋಲಿನ ವಿತರಣೆಯನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟಿಸಲಾಯಿತು. ಎಥನಾಲೆಂದರೆ ಸ್ಪಿರಿಟ್ಟೇ, ಯಾವುದರಲ್ಲಿ ಅರಗು ಕರಗುತ್ತದೆಯೋ ಅದೇ ಇಂದು ಪೆಟ್ರೋಲಿನೊಳಗಿದೆ. ಹಳೆಯ ಲೇಪ ಕಳಚುತ್ತದೆ, ಹಳೆಯ ರಬ್ಬರು ಉಬ್ಬಿ ಬಿರಿಯುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ನಿಂತ ಪೆಟ್ರೋಲು ಲೋಹವನ್ನು ತಿನ್ನುತ್ತದೆ. ಆ ಎಥನಾಲಿಗೆ ಇಂದು ಕಬ್ಬಿನೊಡನೆ ಗೋವಿನಜೋಳವೂ ಮೂಲವಸ್ತು. ರಟ್ಟೀಹಳ್ಳಿಯ ಸುತ್ತ ಮಳೆಗಾಲದಲ್ಲಿ ಕಣ್ಣು ಹಾಯುವಷ್ಟು ದೂರ ಬೆಳೆದು ನಿಲ್ಲುವುದೂ ಅದೇ ಬೆಳೆ. ರೈತನಿಗೆ ಅದರಿಂದ ಬೆಲೆ ದೊರೆಯುವುದಾದರೆ ಯಾರೂ ಅಸಮಾಧಾನ ಪಡಬೇಕಾಗಿಲ್ಲ. ಆದರೆ ಹಳೆಯ ಗಾಡಿಯ ಯಜಮಾನನು ಎಥನಾಲನ್ನು ತಾಳಬಲ್ಲ ವೈಟಾನ್ ರಬ್ಬರಿನ ಮೂತಿಯ ನೀಡಲನ್ನೂ ಹೊಸ ಕೊಳವೆಗಳನ್ನೂ ಹಾಕಿಸಿ, ತಿಂಗಳುಗಟ್ಟಲೆ ಗಾಡಿಯನ್ನು ನಿಲ್ಲಿಸುವ ಮುನ್ನ ಫ್ಲೋಟಿನ ಕೋಣೆಯನ್ನು ಬರಿದುಮಾಡಿಸಬೇಕು. ಅರಗು ಸವರಿದ ಪ್ಯಾಕಿಂಗು ಎಲ್ಲಿದೆಯೆಂಬುದನ್ನು, ಅದನ್ನು ಹಾಕಿದ ಹಿರಿಯ ಮಿಸ್ತ್ರಿಗಳು ಇರುವಾಗಲೇ, ಅವರನ್ನು ಕೇಳಿ ತಿಳಿದುಕೊಳ್ಳಬೇಕು.