ಬೀಗದ ಕೈ ಯಾರ ಹತ್ತಿರ?

ಸೆಕ್ರೆಟರಿ ಅಂದ್ರೆ ನಮಗೆ ನೆನಪಾಗೋದು ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ, ಇಲ್ಲಾಂದ್ರೆ ಸರ್ಕಾರದ ಸೆಕ್ರೆಟರಿ. ಆದರೆ ಹಳೇ ಪೀಠೋಪಕರಣ ಮಾರುವವರ ಹತ್ತಿರ ಸೆಕ್ರೆಟರಿ ಅಂದ್ರೆ ಮರದ ಮೇಜು. ಕೆಳಗೆ ಮೂರ್ನಾಲ್ಕು ಡ್ರಾಯರ್, ಅದರ ಮೇಲೆ ಇಳಿಜಾರಾದ ಒಂದು ಮುಚ್ಚಳ, ಎಷ್ಟೋ ಸಲ ಅದರ ಮೇಲೊಂದು ಪುಸ್ತಕದ ಕಪಾಟು. ಮುಚ್ಚಳ ಇಳಿಸಿದರೆ ಅದೇ ಬರೆಯುವ ಹಲಗೆ. ಒಳಗೆ ಸಾಲು ಸಾಲು ಸಣ್ಣ ಗೂಡುಗಳು. ಮುಚ್ಚಳ ಎತ್ತಿ ಬೀಗ ಹಾಕಿದರೆ ಕೆಲಸ, ಕಾಗದ, ಶಾಯಿ ಎಲ್ಲಾ ಮಾಯ.

ಮನುಷ್ಯನಿಗೂ ಮೇಜಿಗೂ ಒಂದೇ ಹೆಸರು ಬಂದದ್ದು ಆಕಸ್ಮಿಕ ಏನಲ್ಲ. ಈ ಪದದ ಬೇರು ಗುಟ್ಟು ಅನ್ನುವ ಅರ್ಥದ ಲ್ಯಾಟಿನ್ ಶಬ್ದ. ಒಡೆಯನ ಗುಟ್ಟು ಕಾಯುವವನು ಸೆಕ್ರೆಟರಿ. ಆಮೇಲೆ ಅದೇ ಕೆಲಸ ಮಾಡುವ ಮರದ ಸಾಮಾನಿಗೂ ಆ ಹೆಸರು ಅಂಟಿಕೊಂಡಿತು. ನಮ್ಮ 'ಕಾರ್ಯದರ್ಶಿ'ಯಲ್ಲಿ ಗುಟ್ಟಿನ ವಾಸನೆ ಇಲ್ಲ. 'ಆಪ್ತ ಕಾರ್ಯದರ್ಶಿ' ಅಂದಾಗ ಮಾತ್ರ ಸ್ವಲ್ಪ ಉಳಿದುಕೊಂಡಿದೆ. ಇದರ ಅಣ್ಣತಮ್ಮನಂಥ ಪದ ಬ್ಯೂರೋ. ಫ್ರಾನ್ಸಿನಲ್ಲಿ ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆ ಬಟ್ಟೆಗೆ 'ಬ್ಯೂರ್' ಅಂತ ಹೆಸರು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನ ಹೆಸರು ಕಚೇರಿಗೆ ಬಂತು, ಕೊನೆಗೆ ಬ್ಯೂರೋಕ್ರಸಿ ತನಕ ಬೆಳೆಯಿತು.

ಗುಟ್ಟಿನ ಮೇಜುಗಳ ಮಹಾರಾಜ ಈಗಲೂ ವರ್ಸೇಲ್ಸ್ ಅರಮನೆಯಲ್ಲಿದೆ. 1760ರಲ್ಲಿ 15ನೇ ಲೂಯಿಗಾಗಿ ಜಾನ್ ಫ್ರಾಂಸ್ವಾ ಓಬೆನ್ ಅನ್ನುವ ಬಡಗಿ ಇದನ್ನು ಶುರು ಮಾಡಿದ. 1763ರಲ್ಲಿ ಅವನು ತೀರಿಕೊಂಡ. ಅವನ ಕಾರ್ಖಾನೆಯಲ್ಲೇ ಇದ್ದ ರೀಸ್ನರ್ 1769ರಲ್ಲಿ ಕೆಲಸ ಮುಗಿಸಿದ. ನಡುವೆ ಓಬೆನ್‌ನ ವಿಧವೆಯನ್ನೂ ಮದುವೆಯಾದ. ಒಂದೇ ಬೀಗದ ಕೈ ತಿರುಗಿಸಿದರೆ ದುಂಡನೆಯ ಮುಚ್ಚಳವೂ ಡ್ರಾಯರ್‌ಗಳೂ ತೆರೆದುಕೊಳ್ಳುತ್ತಿದ್ದವು.

ಅರಮನೆ ತುಂಬಾ ಕಾವಲುಗಾರರಿರುವ ರಾಜನಿಗೆ ಬೀಗ ಯಾಕೆ? ಇದೇ ಲೂಯಿ ತನ್ನ ವಿದೇಶಾಂಗ ಮಂತ್ರಿಗಳಿಗೂ ಹೇಳದೆ ಒಂದು ಗೂಢಚಾರ ಜಾಲ ನಡೆಸುತ್ತಿದ್ದ. ಚರಿತ್ರೆಯಲ್ಲಿ ಅದಕ್ಕೆ 'ರಾಜನ ಗುಟ್ಟು' ಅಂತಲೇ ಹೆಸರು. ಸರ್ಕಾರದ ನೀತಿ ಒಂದು ಕಡೆ, ರಾಜನ ಖಾಸಗಿ ಪತ್ರಗಳು ಇನ್ನೊಂದು ಕಡೆ. ಅಂಥವನಿಗೆ ಕಾವಲುಗಾರರಿಗಿಂತ ಬೀಗದ ಮೇಲೆ ನಂಬಿಕೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ ಬಿಡಿ.

ಹೊತ್ತಿಗೆ ಸರಿಯಾಗಿ ಇಂಥ ಮೇಜು ಅರಮನೆಯ ಹೊರಗೂ ಬೇಕಾಗಿತ್ತು. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಪೀಠೋಪಕರಣಗಳ ವಿನ್ಯಾಸದ ಪುಸ್ತಕ ಅಚ್ಚು ಹಾಕಿಸಿದಾಗ ಅದರಲ್ಲಿ ಬರೆಯುವ ಮೇಜುಗಳಿಗೂ ಜಾಗವಿತ್ತು. ವ್ಯಾಪಾರ ನಡೆಯುತ್ತಿದ್ದದ್ದೇ ಕಾಗದದ ಮೇಲೆ, ಅದೂ ಎಷ್ಟೋ ಜನರಿಗೆ ಮನೆಯಲ್ಲೇ. ಸಾಲಪತ್ರ, ಹಡಗಿನ ಲೆಕ್ಕ, ಮಗಳ ಮದುವೆಯ ಪತ್ರ ಎಲ್ಲಾ ಅಕ್ಕಪಕ್ಕದ ಗೂಡುಗಳಲ್ಲಿ. ಇತ್ತ ವಿಶಾಖಪಟ್ಟಣದ ಕುಶಲಕರ್ಮಿಗಳು ಕಂಪನಿಯ ಸಾಹೇಬರಿಗೆ ಇಂಗ್ಲಿಷ್ ಮಾದರಿಯ ಬ್ಯೂರೋಗಳನ್ನೇ ಮಾಡಿಕೊಟ್ಟರು. ಆದರೆ ಅಲಂಕಾರ ಅವರದೇ. ದಂತದ ತೆಳು ಹಾಳೆ ಅಂಟಿಸಿ, ಅದರ ಮೇಲೆ ಬಳ್ಳಿ, ಹೂವು, ಕಟ್ಟಡ ಕೊರೆದು, ಗೆರೆಗಳಿಗೆ ಕಪ್ಪು ಅರಗು ತುಂಬುತ್ತಿದ್ದರು. ಇವತ್ತು ಅವು ಯುರೋಪಿನ ಹರಾಜು ಕಟ್ಟೆಗಳಲ್ಲಿ ದೊಡ್ಡ ಬೆಲೆಗೆ ಹೋಗುತ್ತವೆ. ಮಾಡಿದವರ ಹೆಸರು ಮಾತ್ರ ಅವುಗಳ ಮೇಲೆ ಸಾಮಾನ್ಯವಾಗಿ ಇರೋದಿಲ್ಲ.

ಬೀಗ ಹಾಕುವ ಮೇಜು ಎಲ್ಲರಿಗೂ ಸಿಗುತ್ತಿರಲಿಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ. ಜೇನ್ ಆಸ್ಟೆನ್ ಹತ್ತಿರ ಇದ್ದದ್ದು ಇಳಿಜಾರು ಹಲಗೆಯ ಒಂದು ಪೆಟ್ಟಿಗೆ. ತೊಡೆಯ ಮೇಲೋ ಊಟದ ಮೇಜಿನ ಮೇಲೋ ಇಟ್ಟುಕೊಂಡು ಬರೆಯುವಂಥದ್ದು. 1798ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ಊರಿನ ವಸತಿಗೃಹದಲ್ಲಿ ಅವಳ ಪೆಟ್ಟಿಗೆಗಳನ್ನು ಯಾರೋ ತಪ್ಪಿ ಬೇರೆ ಗಾಡಿಗೆ ಹಾಕಿಬಿಟ್ಟರು. ಗಾಡಿ ಹೊರಟಿದ್ದು ಗ್ರೇವ್ಸ್‌ಎಂಡ್ ಕಡೆಗೆ, ಅಲ್ಲಿಂದ ಸಾಮಾನು ವೆಸ್ಟ್ ಇಂಡೀಸ್‌ಗೆ. ಕುದುರೆ ಸವಾರನನ್ನು ಅಟ್ಟಿ ಎರಡು ಮೂರು ಮೈಲಿ ಆಚೆ ಹಿಡಿದು ತಂದರು. ಬರೆಯುವ ಪೆಟ್ಟಿಗೆಯಲ್ಲಿ ಅವಳ ಹತ್ತಿರ ಇದ್ದ ಅಷ್ಟೂ ದುಡ್ಡಿತ್ತು, 7 ಪೌಂಡ್. ಆ ಪೆಟ್ಟಿಗೆ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ರಾಜನಿಗೆ ಒಂಬತ್ತು ವರ್ಷ ಕೆತ್ತಿದ ಮೇಜು, ಇವಳಿಗೆ ಕೈಯಲ್ಲಿ ಎತ್ತಿಕೊಂಡು ಹೋಗುವ ಡಬ್ಬ. ಬೇಕಾಗಿದ್ದದ್ದು ಮಾತ್ರ ಇಬ್ಬರಿಗೂ ಒಂದೇ: ತನ್ನದು ಅಂತ ಮುಚ್ಚಿಡುವ ಒಂದು ಜಾಗ.

ಮೇಜಿನ ಕೊನೆಯ ವೈಭವ ಅಮೆರಿಕದ್ದು. ಇಂಡಿಯಾನಾಪೊಲಿಸ್‌ನ ವಿಲಿಯಂ ವೂಟನ್ 1874ರಲ್ಲಿ ಪೇಟೆಂಟ್ ಪಡೆದ ಡೆಸ್ಕ್ ಮುಚ್ಚಿದಾಗ ಬೀರುವಿನ ಹಾಗೆ ಕಾಣುತ್ತಿತ್ತು. ಎರಡು ದಪ್ಪ ಬಾಗಿಲು ತೆರೆದರೆ ನೂರಕ್ಕೂ ಹೆಚ್ಚು ಗೂಡುಗಳು ಕೂತವನನ್ನು ಸುತ್ತುವರಿಯುತ್ತಿದ್ದವು. ಬಾಗಿಲಿಗೊಂದು ಅಂಚೆ ಸೀಳು ಕೂಡ ಇತ್ತು. ಬೀಗ ತೆಗೆಯದೇ ಪತ್ರ ಒಳಗೆ ಹಾಕಬಹುದು. ಅಧ್ಯಕ್ಷ ಗ್ರಾಂಟ್, ಎಣ್ಣೆ ಕುಬೇರ ರಾಕ್‌ಫೆಲರ್ ಇಬ್ಬರ ಹತ್ತಿರವೂ ಇದು ಇತ್ತು. ಒಬ್ಬನೇ ಮನುಷ್ಯ ತನ್ನ ಇಡೀ ವ್ಯವಹಾರವನ್ನು ಕೈಗೆಟುಕುವ ದೂರದಲ್ಲಿ ಇಟ್ಟುಕೊಂಡು, ಸಂಜೆ ಬೀಗ ಹಾಕಿ ಎದ್ದು ಹೋಗಬಹುದಿತ್ತು.

ಎರಡೇ ದಶಕ. ಅಷ್ಟರಲ್ಲಿ ಆಟ ಮುಗಿಯಿತು. ಗೂಡುಗಳು ಇದ್ದದ್ದು ಮಡಿಸಿದ ಕಾಗದಕ್ಕೆ. ಪತ್ರವನ್ನು ಮಡಿಸಿ, ಯಾರದು, ಯಾವತ್ತಿನದು, ಏನು ವಿಷಯ ಅಂತ ಬೆನ್ನ ಮೇಲೆ ಬರೆದು ತುರುಕುತ್ತಿದ್ದರು. ಟೈಪ್‌ರೈಟರ್ ಬಂತು, ಕಾರ್ಬನ್ ಕಾಪಿ ಬಂತು, ಕಾಗದದ ರಾಶಿ ಬೆಳೆಯಿತು. 1893ರ ಚಿಕಾಗೋ ವಿಶ್ವಮೇಳದಲ್ಲಿ ಕಾಗದವನ್ನು ಮಡಿಸದೆ ನೆಟ್ಟಗೆ ನಿಲ್ಲಿಸುವ ಫೈಲ್ ಕಪಾಟು ಪ್ರದರ್ಶನಕ್ಕೆ ಬಂತು. ನಮ್ಮಲ್ಲೂ ಹೀಗೇ ಆಯಿತು ನೋಡಿ. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯನ್ನು ಮಡಿಕೆ ಮಾಡಿ, ಬಳಪದಲ್ಲಿ ಶಾನುಭೋಗರು ಬರೆಯುತ್ತಿದ್ದ ಕಡತ ಈಗಿಲ್ಲ. ಹೆಸರು ಮಾತ್ರ ಸರ್ಕಾರಿ ಕನ್ನಡದಲ್ಲಿ ಫೈಲಿಗೆ ದಾಟಿದೆ.

ಈ ಬದಲಾವಣೆಯಲ್ಲಿ ನಿಜವಾಗಿ ಕೈ ಬದಲಾಯಿಸಿದ್ದು ಬೀಗದ ಕೈ. ಗೂಡುಗಳ ಮೇಜಿನಲ್ಲಿ ಯಾವ ಕಾಗದ ಎಲ್ಲಿದೆ ಅಂತ ಕೂತವನಿಗೆ ಮಾತ್ರ ಗೊತ್ತು. ಫೈಲ್ ಕಪಾಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು, ಹಾಗೆ ಹುಡುಕಲಿ ಅಂತಲೇ ಅದನ್ನು ಮಾಡಿದ್ದು. ನೌಕರ ಬಿಟ್ಟು ಹೋದರೂ ಕೆಲಸ ನಿಲ್ಲಬಾರದು. ಸಂಸ್ಥೆಗೆ ಇದರಿಂದ ದೊಡ್ಡ ಲಾಭ, ಸುಳ್ಳಲ್ಲ. ಆದರೆ ಕಾಗದ ಅಂದಿನಿಂದ ಮನುಷ್ಯನದಲ್ಲ, ಕಚೇರಿಯದು. ಸೆಕ್ರೆಟರಿ ಡೆಸ್ಕ್ ಮನೆಯ ಹಾಲಿಗೆ ಬಂದು, ಕರೆಂಟ್ ಬಿಲ್ಲು, ಲಗ್ನಪತ್ರಿಕೆ ಇಡುವ ಜಾಗವಾಯಿತು.

ವರ್ಕ್ ಫ್ರಮ್ ಹೋಮ್ ಶುರುವಾದ ಮೇಲೆ ಇವನ್ನು ಹುಡುಕುವವರು ಮತ್ತೆ ಕಾಣಿಸುತ್ತಿದ್ದಾರೆ. ಸಣ್ಣ ಫ್ಲ್ಯಾಟಿಗೆ ಸರಿಹೋಗುತ್ತೆ, ಮುಚ್ಚಿದರೆ ಆಫೀಸು ಕಣ್ಣಿಗೆ ಬೀಳೋದಿಲ್ಲ. ಕೊಳ್ಳುವವರು ಮುಚ್ಚಳಕ್ಕೆ ಆಸರೆ ಕೊಡುವ ಎಳೆಗೋಲು ಮತ್ತು ಕೀಲು ಗಟ್ಟಿಯಾಗಿವೆಯಾ ನೋಡಿ. ಎಲ್ಲಾ ಭಾರ ಬೀಳೋದು ಅವುಗಳ ಮೇಲೆ. ವೈರಿಗೆ ಅಂತ ಹಿಂದೆ ತೂತು ಕೊರೆಯಬೇಡಿ, ಹಳೇ ಸಾಮಾನಿನ ಬೆಲೆ ಅಲ್ಲಿಗೆ ಬಿದ್ದುಹೋಗುತ್ತೆ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ವೂಟನ್ ಡೆಸ್ಕಿಗೆ ಬೀಗ ಹಾಕಿದರೆ ಕೆಲಸ ಒಳಗೇ ಉಳಿಯುತ್ತಿತ್ತು. ನೀವು ಅದರೊಳಗೆ ಇಡುವ ಲ್ಯಾಪ್‌ಟಾಪ್ ಕಂಪನಿಯದು, ಪಾಸ್‌ವರ್ಡ್ ಬದಲಿಸುವ ಅಧಿಕಾರ ಐಟಿ ವಿಭಾಗದ್ದು, ಮೆಸೇಜು ಜೇಬಿನಲ್ಲಿರೋ ಫೋನಿಗೂ ಬರುತ್ತೆ. ಮುಚ್ಚಳ ಹಾಕಿ, ಫೋನನ್ನೂ ಒಂದು ಗೂಡಿನಲ್ಲಿಟ್ಟು ಎದ್ದರೆ ಮಾತ್ರ ಆ ಮೇಜು ಮಾಡಿದವರು ಅಂದುಕೊಂಡ ಕೆಲಸ ಅದು ಮಾಡುತ್ತೆ.