ಹೋಪ್‌ಟನ್ ಹೌಸ್: ಸೀಸದ ದುಡ್ಡಿನಲ್ಲಿ ಎದ್ದ ಮನೆ

ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ಪಶ್ಚಿಮಕ್ಕೆ ಸುಮಾರು 19 ಕಿಲೋಮೀಟರ್ ಹೋದರೆ, ಫೋರ್ತ್ ನದಿಯ ಅಳಿವೆಯ ಬಳಿ ಹೋಪ್‌ಟನ್ ಹೌಸ್ ಇದೆ. ಹೆಸರಿಗೆ ಹಳ್ಳಿಮನೆ, ನೋಡಲು ಅರಮನೆ. ಇದನ್ನು ನೋಡುವವರು ಪೂರ್ವ ದಿಕ್ಕಿನಿಂದ ಒಮ್ಮೆ, ಪಶ್ಚಿಮದಿಂದ ಒಮ್ಮೆ ನೋಡಬೇಕು. ಎರಡೂ ಒಂದೇ ಮನೆಯ ಚಿತ್ರಗಳೆಂದರೆ ನಂಬುವುದು ಕಷ್ಟ.

ಪಶ್ಚಿಮದ, ಅಂದರೆ ತೋಟದ ಕಡೆಯ ಮುಖ ಹಳೆಯದು. ಅದನ್ನು ರೂಪಿಸಿದವರು ಸರ್ ವಿಲಿಯಂ ಬ್ರೂಸ್. ಕಟ್ಟಡದ ಕೆಲಸ ಆರಂಭವಾದುದು 1699ರಲ್ಲಿ. ಅಳತೆ ಮೀರದ, ಗಂಭೀರವಾದ ಮನೆ. ಒಳಗೆ ನಟ್ಟನಡುವೆ ಎಂಟು ಮೂಲೆಗಳ ಮೆಟ್ಟಿಲುಸಾಲೆ. ಅದರ ಮರದ ಹಲಗೆಗಳಲ್ಲಿ ಅಲೆಗ್ಸಾಂಡರ್ ಐಜಾಟ್ ಎಂಬ ಕುಶಲಕರ್ಮಿ ಹೂವು, ಹಣ್ಣುಗಳನ್ನು ಕೊರೆದಿದ್ದಾನೆ.

ಇಪ್ಪತ್ತೇ ವರ್ಷಗಳಲ್ಲಿ ಈ ಮನೆ ಸಾಲದೆನಿಸಿತು. 1721ರಿಂದ ವಿಲಿಯಂ ಆಡಮ್ ಪೂರ್ವದ ಕಡೆಗೆ ಹೊಸ ಮುಖವನ್ನೇ ಕಟ್ಟತೊಡಗಿದ. ಎತ್ತರದ ಗೋಡೆಗಂಬಗಳು, ಎರಡೂ ಪಕ್ಕಕ್ಕೆ ತೋಳು ಚಾಚಿದಂತೆ ಬಾಗಿದ ಕಂಬಸಾಲುಗಳು, ಅವುಗಳ ತುದಿಯಲ್ಲಿ ಒಂದೊಂದು ಮಂಟಪ. ಬಂದವರು ಬೆರಗಾಗಲೆಂದೇ ಕಟ್ಟಿದ ಮುಖವಿದು. ನನಗೆ ಬ್ರೂಸ್‌ನ ಮನೆಯೇ ಹೆಚ್ಚು ಇಷ್ಟ. 1748ರಲ್ಲಿ ವಿಲಿಯಂ ತೀರಿಕೊಂಡ ಮೇಲೆ ಮಕ್ಕಳಾದ ಜಾನ್ ಮತ್ತು ರಾಬರ್ಟ್ ಒಳಾಂಗಣ ಮುಗಿಸಿದರು. ಕೆಂಪು ದಿವಾನಖಾನೆಯ ಚಾವಣಿಯಲ್ಲಿ ಚಿನ್ನದ ಲೇಪದ ಗಾರೆಯ ಬಳ್ಳಿಗಳು ಇಂದಿಗೂ ಹೊಳೆಯುತ್ತವೆ. ಮುಂದೆ ಯುರೋಪಿನಾದ್ಯಂತ ‘ಆಡಮ್ ಶೈಲಿ’ ಎಂದು ಹೆಸರಾದದ್ದು ಇದೇ ರಾಬರ್ಟ್‌ನ ಕೆಲಸದಿಂದ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು?

1638ರಲ್ಲಿ ಜೇಮ್ಸ್ ಹೋಪ್ ಎಂಬಾತ ಆನ್ ಫೌಲಿಸ್ ಎಂಬಾಕೆಯನ್ನು ಮದುವೆಯಾದ. ಆಕೆಯ ಜೊತೆಗೆ ಬಂದದ್ದು ಸೀಸದ ಗಣಿಗಳ ಹಕ್ಕು. ಅವರ ಮಗ ಜಾನ್ 1682ರಲ್ಲಿ ‘ಗ್ಲಾಸ್ಟರ್’ ಹಡಗು ಮುಳುಗಿದಾಗ ಸತ್ತ. ಆಗ ಆತನ ಮಗ ಚಾರ್ಲ್ಸ್ ಇನ್ನೂ ಕೂಸು. ಮುಂದೆ ಬ್ರೂಸ್‌ನನ್ನು ಕರೆಸಿ ಮನೆ ಕಟ್ಟಿಸಲು ಹೊರಟವಳು ಆ ಕೂಸಿನ ತಾಯಿ, ಲೇಡಿ ಮಾರ್ಗರೆಟ್. 1703ರಲ್ಲಿ ಚಾರ್ಲ್ಸ್‌ಗೆ ‘ಅರ್ಲ್’ ಪದವಿಯೂ ದೊರೆಯಿತು.

ಗಣಿಗಳಿದ್ದುದು ಮನೆಯಿಂದ ದಕ್ಷಿಣಕ್ಕೆ 65 ಕಿಲೋಮೀಟರಿಗೂ ದೂರದ ಗುಡ್ಡಗಾಡಿನಲ್ಲಿ. ಊರಿನ ಹೆಸರೇ ಲೆಡ್‌ಹಿಲ್ಸ್, ಅಂದರೆ ಸೀಸದ ಗುಡ್ಡಗಳು. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ, ಚಳಿಗಾಳಿಯ ಊರು. ಸೀಸದ ಅದಿರಾದ ಗೆಲೀನಾ ಎಂದರೆ ಸೀಸ ಮತ್ತು ಗಂಧಕದ ಸಂಯುಕ್ತ. ಅದನ್ನು ಹುರಿದರೆ ಗಂಧಕ ಅನಿಲವಾಗಿ ಹೋಗುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಬೇರ್ಪಡಿಸುವುದು ಕಬ್ಬಿಣದಷ್ಟು ಕಷ್ಟವಲ್ಲ. ಆದರೆ ಆ ಹೊಗೆ ವಿಷ. ಅದು ಕುಲುಮೆಯವರ ನರಗಳನ್ನೂ ಹೊಟ್ಟೆಯನ್ನೂ ಸೇರುತ್ತದೆ. ಚಾವಣಿಗೆ ಹೊದಿಸಲು, ಕೊಳವೆಗೆ, ಬಿಳಿ ಬಣ್ಣಕ್ಕೆ, ಬಂದೂಕಿನ ಗುಂಡಿಗೆ ಎಲ್ಲದಕ್ಕೂ ಸೀಸ ಬೇಕಿದ್ದ ಕಾಲವದು.

ಈ ಊರಿನ ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬರೀ ಗೋಳಿನ ಕಥೆಯಾಗುತ್ತಿತ್ತು. ಹೋಪ್ ಮನೆತನದಿಂದ ಗಣಿಗಳನ್ನು ಗುತ್ತಿಗೆ ಪಡೆದಿದ್ದ ಕಂಪನಿಯೊಂದು 1730ರ ದಶಕದಲ್ಲಿ ಜೇಮ್ಸ್ ಸ್ಟರ್ಲಿಂಗ್ ಎಂಬುವನನ್ನು ಮೇಲ್ವಿಚಾರಕನಾಗಿ ನೇಮಿಸಿತು. ಪದವಿ ತರಗತಿಯ ಗಣಿತ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ದೊಡ್ಡ ಸಂಖ್ಯೆಗಳ ಫ್ಯಾಕ್ಟೋರಿಯಲ್ಲನ್ನು ಅಂದಾಜು ಮಾಡುವ ‘ಸ್ಟರ್ಲಿಂಗ್ ಸೂತ್ರ’ ಇವನ ಹೆಸರಿನದೇ! ಗಣಿಯ ಪಾಳಿ ಆರು ಗಂಟೆಗೆ ಇಳಿದದ್ದು ಇವನ ಕಾಲದಲ್ಲಿ. ಉಳಿದ ಹೊತ್ತಿನಲ್ಲಿ ಕಾರ್ಮಿಕರು ಏನು ಮಾಡಬೇಕು? 1741ರಲ್ಲಿ ಅವರು ಚಂದಾ ಹಾಕಿಕೊಂಡು ಒಂದು ಗ್ರಂಥಾಲಯ ಕಟ್ಟಿದರು. ಬ್ರಿಟನ್ನಿನ ಅತಿ ಹಳೆಯ ಚಂದಾ ಗ್ರಂಥಾಲಯವೆಂದು ಅದನ್ನು ಗುರುತಿಸುತ್ತಾರೆ. ಉಗಿಹಡಗಿನ ಆದ್ಯರಲ್ಲಿ ಒಬ್ಬನಾದ ವಿಲಿಯಂ ಸಿಮಿಂಗ್ಟನ್ ಹುಟ್ಟಿದ್ದು ಈ ಊರಿನಲ್ಲೇ.

ಹೋಪ್ ಮನೆತನದ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲೂ ಇದೆ, ಬೇರೆ ವೇಷದಲ್ಲಿ. 1936ರಿಂದ 1943ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಲಿನ್‌ಲಿತ್‌ಗೋ ಈ ಮನೆತನದ ವಿಕ್ಟರ್ ಹೋಪ್. ಭಾರತೀಯ ನಾಯಕರನ್ನು ಒಂದು ಮಾತೂ ಕೇಳದೆ 1939ರಲ್ಲಿ ಭಾರತವನ್ನು ಯುದ್ಧಕ್ಕೆ ಎಳೆದವರು ಇವರೇ. 1942ರಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನ ಜನ ಸ್ವಾತಂತ್ರ್ಯ ಸಾರಿದಾಗ ದೆಹಲಿಯಲ್ಲಿ ಕುಳಿತಿದ್ದವರೂ ಇವರೇ.

ಮನೆಯನ್ನು 1974ರಲ್ಲಿ ಒಂದು ಸಂರಕ್ಷಣಾ ಟ್ರಸ್ಟಿಗೆ ವಹಿಸಲಾಯಿತು. ಸಾರ್ವಜನಿಕರು ಟಿಕೆಟ್ ಪಡೆದು ಚಿನ್ನದ ಚಾವಣಿಯನ್ನೂ ಐಜಾಟ್‌ನ ಕೆತ್ತನೆಯನ್ನೂ ನೋಡಬಹುದು. ಲೆಡ್‌ಹಿಲ್ಸ್‌ನ ಗ್ರಂಥಾಲಯವೂ ಉಳಿದಿದೆ. ಅಲ್ಲಿ ಹಳೆಯ ಗ್ರಂಥಗಳ ಜೊತೆಗೆ ಗಣಿಯ ಕರಾರು ಪುಸ್ತಕಗಳಿವೆ. ಯಾವ ತಂಡ ಯಾವ ಅದಿರಿನ ಎಳೆಯನ್ನು ಯಾವ ದರಕ್ಕೆ ತೋಡಲು ಒಪ್ಪಿತು ಎಂಬುದನ್ನು ಅವುಗಳಲ್ಲಿ ಬರೆದಿಟ್ಟಿದ್ದಾರೆ.