ಗವಾಯಿಗಳ ಅಂಗಳ, ವಿಶ್ವವಿದ್ಯಾಲಯದ ಹೊಸ್ತಿಲು

ಕುರ್ತಕೋಟಿ ಎಂದಾಕ್ಷಣ ಕನ್ನಡದ ಓದುಗರಿಗೆ ನೆನಪಾಗುವುದು ವಿಮರ್ಶಕ ಕೀರ್ತಿನಾಥರ ಹೆಸರು. ಊರು ಮಾತ್ರ ಗದಗ ತಾಲ್ಲೂಕಿನ ಎರೆಸೀಮೆಯಲ್ಲಿ ತನ್ನ ಪಾಡಿಗೆ ತಾನಿದೆ. ಇಂಥ ಊರುಗಳಲ್ಲಿ ಕಣ್ಣಿಲ್ಲದ ಕೂಸು ಹುಟ್ಟಿದರೆ ಹಿರಿಯರ ಬಾಯಿಂದ ಬರುವ ಮಾತು ಒಂದೇ: "ಗದಗಿಗೆ ಒಯ್ದು ಆಶ್ರಮಕ್ಕ ಬಿಡ್ರಿ." ವೀರೇಶ್ವರ ಪುಣ್ಯಾಶ್ರಮ ಈ ಸೀಮೆಯ ತಾಯಿತಂದೆಯರಿಗೆ ಕೊಟ್ಟ ಧೈರ್ಯ ಸಣ್ಣದಲ್ಲ. ಆದರೆ ಅದೇ ಮಾತನ್ನು ಕಾಲೇಜಿನ, ವಿಶ್ವವಿದ್ಯಾಲಯದ ಅಧ್ಯಾಪಕರು ಆಡತೊಡಗಿದರೆ ಅದರ ಅರ್ಥವೇ ಬೇರೆಯಾಗುತ್ತದೆ. ಅರ್ಥಶಾಸ್ತ್ರ ಓದಲು ಬಂದ ಅಂಧ ಹುಡುಗನಿಗೆ "ನಿನಗೇಕಪ್ಪ ಇದೆಲ್ಲ, ಗದಗಿಗೆ ಹೋಗಿ ಸಂಗೀತ ಕಲಿಯಬಾರದೇ?" ಎಂದು ಬುದ್ಧಿ ಹೇಳಿದ ಪ್ರಾಧ್ಯಾಪಕರೊಬ್ಬರನ್ನು ನಾವು ಕಂಡಿದ್ದೇವೆ. ಅವರು ಕೆಟ್ಟವರಲ್ಲ. ಹುಡುಗನ ಹಿತವನ್ನೇ ಬಯಸಿದ್ದರು. ಈ ಹಿತಚಿಂತನೆ ಎಲ್ಲಿಂದ ಬಂತು ಎಂದು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ಹುಟ್ಟುಕುರುಡರು. ಅವರ ಅಣ್ಣನೂ ಹಾಗೆಯೇ. ಬಡವರ ಮನೆಯ ಈ ಮಕ್ಕಳ ಕಂಠವನ್ನು ಗುರುತಿಸಿ ಕಲಿಕೆಗೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಮುಂದೆ ಪಂಚಾಕ್ಷರಿ ಗವಾಯಿಗಳಿಗೆ ಹಿಂದುಸ್ತಾನಿ ತಾಲೀಮು ಕೊಟ್ಟವರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್. ಸಂಗೀತದ ಲೋಕದಲ್ಲಿ ಖಾನ್‌ಸಾಹೇಬರಿಗೆ ಇನ್ನೊಂದು ಹೆಸರಿತ್ತು: ಬೆಹ್ರೆ ವಹೀದ್ ಖಾನ್. ಉರ್ದುವಿನಲ್ಲಿ ಬೆಹ್ರಾ ಎಂದರೆ ಕಿವುಡ. ಅವರಿಗೆ ಕಿವಿ ಮಂದವಾಗಿತ್ತು. ಆ ಕಾಲದ ಜನ ಇಂಥದ್ದನ್ನು ಮುಚ್ಚಿಡುವ ನಾಜೂಕುತನ ತೋರದೆ ನೇರವಾಗಿ ಹೆಸರಿಗೇ ಅಂಟಿಸಿಬಿಡುತ್ತಿದ್ದರು. ಕಿವಿ ಮಂದವಾದ ಮುಸ್ಲಿಂ ಉಸ್ತಾದ್, ಕಣ್ಣಿಲ್ಲದ ಜಂಗಮ ಶಾಗಿರ್ದ್, ಇಬ್ಬರನ್ನೂ ಕೂಡಿಸಿದವರು ಒಬ್ಬ ವಿರಕ್ತ ಸ್ವಾಮಿ. ಕತೆಯಲ್ಲಿ ಇದನ್ನು ಬರೆದಿದ್ದರೆ 'ಬಹಳ ಹೊಂದಿಸಿದ್ದೀರಿ' ಎಂದು ಸಂಪಾದಕರು ವಾಪಸು ಕಳಿಸುತ್ತಿದ್ದರೇನೋ. ಆದರೆ ಇದು ನಡೆದದ್ದು.

ಇದು ಹೇಗೆ ಸಾಧ್ಯವಾಯಿತು? ಇಬ್ಬರೂ ಮಹಾತ್ಮರು ಎಂದುಬಿಟ್ಟರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಪಾಠದ ಕ್ರಮದಲ್ಲೇ ಉತ್ತರವಿದೆ ಎಂದು ನಮಗೆ ತೋರುತ್ತದೆ. ಘರಾಣೆಯ ತಾಲೀಮಿಗೆ ಕರಿಹಲಗೆ ಬೇಡ, ಪುಸ್ತಕ ಬೇಡ, ಮೂರು ತಾಸಿನ ಪ್ರಶ್ನೆಪತ್ರಿಕೆ ಬೇಡ. ಗುರು ಹಾಡುತ್ತಾನೆ, ಶಿಷ್ಯ ತಿರುಗಿ ಹಾಡುತ್ತಾನೆ, ತಪ್ಪಿದರೆ ಮತ್ತೆ ಹಾಡುತ್ತಾನೆ. ಆ ಶಾಲೆಯಲ್ಲಿ ಕಣ್ಣಿಲ್ಲದಿರುವುದು ಕೊರತೆಯಾಗಿ ಎದುರಾಗುವ ಸಂದರ್ಭಗಳೇ ಕಡಿಮೆ. ವಿಳಂಬಿತ ಲಯದಲ್ಲಿ ಒಂದೊಂದೇ ಸ್ವರವನ್ನು ಹಿಡಿದು ರಾಗವನ್ನು ಬೆಳೆಸುವುದು ವಹೀದ್ ಖಾನರ ಹೆಸರಾದ ಶೈಲಿ. ಅಲ್ಲಿ ಅವಸರಕ್ಕೂ ಜಾಗವಿಲ್ಲ.

ಅದೇ ವರ್ಷಗಳಲ್ಲಿ ಆಧುನಿಕ ಉಚ್ಚ ಶಿಕ್ಷಣ ಈ ಭಾಗಕ್ಕೆ ಬಂದ ಬಗೆಯನ್ನು ನೋಡಿ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಮೊದಲಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು ಅದರ ಆಶ್ರಯದಲ್ಲೇ. ವಿದ್ಯೆ ಎಂದರೆ ಬರೆದ ಉತ್ತರ ಎಂಬ ಸಮೀಕರಣ ಅಲ್ಲಿಂದ ನೆಲೆಯೂರಿತು. ಕುರುಡರನ್ನು ಹೊರಗಿಡಲು ಯಾರೂ ನಿಯಮ ಬರೆಯಬೇಕಾಗಲಿಲ್ಲ. ಲೇಖನಿ ಮತ್ತು ಕಾಗದ ಆ ಕೆಲಸವನ್ನು ಸದ್ದಿಲ್ಲದೆ ಮಾಡಿದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ನಮ್ಮದೇ ಆಗಿ ಸ್ಥಾಪನೆಯಾದ ಮೇಲೂ ಆ ಚೌಕಟ್ಟು ಬದಲಾಗಲಿಲ್ಲ.

ಇತ್ತ 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರಿಗೂ ದೃಷ್ಟಿ ಇರಲಿಲ್ಲ. ಬ್ರೈಲ್ ಬಲ್ಲವರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ರಚಿಸಿದವರು. ಜೋಳಿಗೆ, ನಾಟಕ ಕಂಪನಿ, ಭಕ್ತರು ಮಾಡುತ್ತಿದ್ದ ತುಲಾಭಾರ, ಇವುಗಳ ಹಣದಿಂದ ಮಕ್ಕಳ ಅನ್ನ ಮತ್ತು ಪಾಠ ನಡೆದವು. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಕಲಿತವರೆಲ್ಲ ಅಂಧರಲ್ಲ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತ ಎಂ. ವೆಂಕಟೇಶಕುಮಾರರು ಧಾರವಾಡದ ವಿಶ್ವವಿದ್ಯಾಲಯ ಸಂಗೀತ ಮಹಾವಿದ್ಯಾಲಯದಲ್ಲಿ ಮೂರು ದಶಕ ಅಧ್ಯಾಪಕರಾಗಿದ್ದರು. ಇವರಿಬ್ಬರೂ ಕಣ್ಣುಳ್ಳವರು. ಇಂದು 'ಒಳಗೊಳ್ಳುವ ಶಿಕ್ಷಣ' ಎಂದರೆ ಕಣ್ಣುಳ್ಳವರ ಶಾಲೆಗೆ ಕಣ್ಣಿಲ್ಲದವರನ್ನು ಸೇರಿಸಿಕೊಳ್ಳುವುದು ಎಂದುಕೊಳ್ಳುತ್ತೇವೆ. ಗದಗಿನಲ್ಲಿ ಅಂಧರು ಕಟ್ಟಿದ ಶಾಲೆ ಕಣ್ಣುಳ್ಳವರನ್ನು ಒಳಗೊಂಡಿತ್ತು.

1975ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಪುಟ್ಟರಾಜ ಗವಾಯಿಗಳಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕೊಡಲೇಬೇಕಾದ ಗೌರವ. ಆದರೆ ಅಂಧ ವಿದ್ಯಾರ್ಥಿಗೆ ಇಂತಿಷ್ಟು ಸೀಟು ಎಂದು ಹೇಳುವ ಕೇಂದ್ರ ಕಾನೂನು ಬರಲು ಇನ್ನೂ 20 ವರ್ಷ ಕಾಯಬೇಕಾಯಿತು. 1995ರ ಅಂಗವಿಕಲರ ಕಾಯ್ದೆ ಶೇ. 3ರಷ್ಟು ಸೀಟು ಕೊಟ್ಟಿತು. 2016ರ ಕಾಯ್ದೆ ಅದನ್ನು ಶೇ. 5ಕ್ಕೆ ಏರಿಸಿ, ಅಂಗವೈಕಲ್ಯದ ಬಗೆಗಳನ್ನು ಏಳರಿಂದ 21ಕ್ಕೆ ವಿಸ್ತರಿಸಿತು. ಓದು ಬರಹದ ಕಲಿಕೆಯಲ್ಲಿ ತೊಡಕುಳ್ಳವರೂ, ಆಟಿಸಂ ಉಳ್ಳವರೂ ಈಗ ಅದರೊಳಗಿದ್ದಾರೆ. ಹೊರಗೆ ಕಾಣದ ಇಂಥ ತೊಡಕನ್ನು ಅಧ್ಯಾಪಕರು ಸುಲಭವಾಗಿ ಸೋಮಾರಿತನ ಎಂದುಬಿಡುತ್ತಾರೆ.

ನಾವು ಉರ್ದು ಶಾಲೆಯಲ್ಲಿ ಕಲಿಯುವಾಗ ಕಣ್ಣಿಲ್ಲದ ಯಾರನ್ನೇ ಆಗಲಿ ಹಿರಿಯರು 'ಹಾಫಿಜ್‌ಜೀ' ಎಂದು ಕರೆಯುತ್ತಿದ್ದರು, ಅವರು ಕುರ್‌ಆನ್ ಕಂಠಪಾಠ ಮಾಡಿರಲಿ ಬಿಡಲಿ. ಉತ್ತರದಲ್ಲಿ ಸೂರದಾಸ ಎನ್ನುತ್ತಾರೆ. ಮರ್ಯಾದೆಯ ಮಾತುಗಳೇ. ಆದರೆ ಮರ್ಯಾದೆಯ ಜೊತೆಗೇ ಒಂದು ಗೆರೆಯನ್ನೂ ಎಳೆದಿವೆ: ನಿನ್ನ ಪಾಲಿಗೆ ಕಂಠಪಾಠ, ನಿನ್ನ ಪಾಲಿಗೆ ಹಾಡು. ಈಜಿಪ್ಟಿನ ತಾಹಾ ಹುಸೇನರಿಗೂ (1889-1973) ಇದೇ ಗೆರೆ ಎದುರಾಗಿತ್ತು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡು, ಕುರ್‌ಆನ್ ಕಂಠಪಾಠ ಮಾಡಿ, ಅಲ್ ಅಜ್‌ಹರ್ ಸೇರಿದ ಅವರು ಅಲ್ಲಿಗೇ ನಿಲ್ಲಲಿಲ್ಲ. 1908ರಲ್ಲಿ ಆರಂಭವಾದ ಹೊಸ ಈಜಿಪ್ಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1914ರಲ್ಲಿ ಅದರ ಮೊದಲ ಡಾಕ್ಟರೇಟ್ ಪಡೆದರು. ವಿಷಯ, ಇನ್ನೊಬ್ಬ ಅಂಧ ಕವಿ ಅಬುಲ್ ಅಲಾ ಅಲ್ ಮಅರ್ರಿ. 1950ರಲ್ಲಿ ಅವರೇ ಶಿಕ್ಷಣ ಮಂತ್ರಿಯಾದರು. ಪುಸ್ತಕ ಓದಿ ಹೇಳುವವರು ಸಿಕ್ಕರೆ ಕಣ್ಣಿಲ್ಲದವನು ಯಾವ ಶಾಸ್ತ್ರವನ್ನಾದರೂ ಓದಬಲ್ಲ ಎಂಬುದಕ್ಕೆ 1914ರಷ್ಟು ಹಿಂದೆಯೇ ಸಾಕ್ಷಿಯಿತ್ತು.

ನಮ್ಮ ಅಧ್ಯಾಪಕರ ವಿಚಾರಕ್ಕೆ ಬರೋಣ. ಯಾರನ್ನು ಕೇಳಿದರೂ 'ಇಂಥ ಮಕ್ಕಳು ಓದಬೇಕು' ಎಂದೇ ಹೇಳುತ್ತಾರೆ. ತೊಡಕು ಬರುವುದು ತಮ್ಮದೇ ಪಾಠವನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾದಾಗ. ಹಲಗೆಯ ಮೇಲೆ ಗೆರೆ ಎಳೆದು "ಇಲ್ಲಿಂದ ಇಲ್ಲಿಗೆ ಏರುತ್ತದೆ" ಎನ್ನುವ ಬದಲು ಬೆಲೆಯ ಹೆಸರು, ಬೇಡಿಕೆಯ ಹೆಸರು ಹೇಳಿದರೆ ಸಾಕು, ಅದಕ್ಕೆ ಖರ್ಚಿಲ್ಲ. ಹಳೆಯ ನುಡಿ ಲಿಪಿಯಲ್ಲಿ ಟೈಪಿಸಿದ ಟಿಪ್ಪಣಿಯನ್ನು ಕಂಪ್ಯೂಟರಿನ ಓದುತಂತ್ರಾಂಶ ಅರ್ಥವಿಲ್ಲದ ಅಕ್ಷರಗಳಾಗಿ ಓದುತ್ತದೆ. ಯೂನಿಕೋಡಿನಲ್ಲಿದ್ದರೆ ಕನ್ನಡವಾಗಿ ಓದುತ್ತದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ 2006ರಿಂದಲೂ ಇದೆ. ಅದನ್ನು ಆರಂಭಿಸಿದ ಆಸ್ಟ್ರೇಲಿಯದ ಮೈಕೆಲ್ ಕರನ್ ಕೂಡ ಅಂಧರೇ. ಇನ್ನು ಕೆಲವರದು ಕನಿಕರದ ದಾರಿ: "ಪಾಪ, ಪಾಸು ಮಾಡಿಬಿಡೋಣ." ತಪ್ಪಿದ ಸ್ವರವನ್ನು ಕಣ್ಣಿಲ್ಲವೆಂದು ಯಾವ ಗವಾಯಿಯೂ ಮನ್ನಿಸುವುದಿಲ್ಲ. ಕನಿಕರದ ಅಂಕ ಪಡೆದವನಿಗೆ ಮುಂದೆ ಸಂದರ್ಶನದಲ್ಲಿ ಯಾರೂ ಕನಿಕರ ತೋರುವುದಿಲ್ಲ ಎಂಬುದನ್ನು ಈ ದಯಾಳುಗಳು ಮರೆಯುತ್ತಾರೆ.

ಪರೀಕ್ಷೆಯ ವಿಷಯದಲ್ಲಿ ಕೇಂದ್ರದ 2013ರ ಮತ್ತು 2018ರ ಮಾರ್ಗಸೂಚಿಗಳು ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕಾಲ ಕೊಟ್ಟಿವೆ. ಇದನ್ನು ರಿಯಾಯಿತಿ ಎಂದು ಗೊಣಗುವವರಿದ್ದಾರೆ. ಅಂಗವಿಕಲರಿಗೆ ಬೇಕಾದ ಅನುಕೂಲವನ್ನು ಸೂಕ್ತವಾಗಿ ಒದಗಿಸುವುದು ಸಮಾನತೆಯದೇ ಭಾಗ ಎಂದು ಸುಪ್ರೀಂ ಕೋರ್ಟು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ಕಾಯಿಲೆಯ ಅಭ್ಯರ್ಥಿಗೆ ಬರಹಗಾರನನ್ನು ಕೊಡಿಸಿತು.

2018ರ ಮಾರ್ಗಸೂಚಿಯಂತೆ, ಅಭ್ಯರ್ಥಿಯೇ ಕರೆತರುವ ಬರಹಗಾರ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಓದಿದವನಾಗಿರಬೇಕಿತ್ತು. ಬಿ.ಎ. ಓದುವವನಿಗೆ ಪಿಯುಸಿ ಹುಡುಗ. ಹಳಗನ್ನಡ ಕಾವ್ಯದ ಪ್ರಶ್ನೆಗೆ ಉತ್ತರ ಹೇಳುವವನು ಪ್ರತಿ ಎರಡನೆಯ ಶಬ್ದಕ್ಕೆ ಒತ್ತಕ್ಷರ ಬಿಡಿಸಿ ಹೇಳುತ್ತ ಕೂಡಬೇಕು. ಆ 20 ನಿಮಿಷ ಕರಗುವುದು ಇಲ್ಲೇ. ಗದಗಿನಲ್ಲೇ ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ, 2016ರ ಕಾಯ್ದೆಯಿಂದ ಬಂದದ್ದು. ಕುರ್ತಕೋಟಿಯ ಕಣ್ಣಿಲ್ಲದ ಹುಡುಗಿಯೊಬ್ಬಳು ಅಲ್ಲಿಗೆ ಪಂಚಾಯತಿಯ ಲೆಕ್ಕಪತ್ರ ಕಲಿಯಲು ಹೊರಟರೆ, ಬಸ್ಸಿನಲ್ಲಿ ಪಕ್ಕದವರು ಆಶ್ರಮದ ಸ್ಟಾಪು ಬಂದಾಗ ತಿಳಿಸುತ್ತೇವೆ ಎಂದು ಈಗಲೂ ಹೇಳಿಯಾರು.